‘ಫುಲ್ ಬಾಡಿ ಕ್ಯಾನ್ಸರ್ ಪ್ಯಾಕೇಜ್’ ಮಾಡಿಸಬೇಕಾ? ಮೊದಲು ಬಾಯಿ ತೋರಿಸಿ

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರ. ವಯಸ್ಸು 52. ಹೆಂಡತಿಗೆ 46, ಶಾಲೆಯಲ್ಲಿ ಟೀಚರ್. ಹೋದ ತಿಂಗಳು ಅವಳ ಜೊತೆ ಕೆಲಸ ಮಾಡುತ್ತಿದ್ದ ಟೀಚರ್ ಒಬ್ಬರು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವತ್ತಿಂದ ಮನೆಯಲ್ಲಿ ಅದೇ ಮಾತು. ದಾವಣಗೆರೆಯ ಒಂದು ಲ್ಯಾಬಿನವರು ‘ಫುಲ್ ಬಾಡಿ ಕ್ಯಾನ್ಸರ್ ಪ್ಯಾಕೇಜ್’ ಒಬ್ಬರಿಗೆ ₹9,500, ಗಂಡ ಹೆಂಡತಿ ಇಬ್ಬರೂ ಮಾಡಿಸಿದರೆ ₹16,000 ಅಂತಿದ್ದಾರೆ. ರಕ್ತದಲ್ಲಿ ಏಳು ಬಗೆಯ ಕ್ಯಾನ್ಸರ್ ಮಾರ್ಕರ್, ಹೊಟ್ಟೆ ಸ್ಕ್ಯಾನ್, ಥೈರಾಯ್ಡ್ ಸ್ಕ್ಯಾನ್, ಎದೆಯ ಎಕ್ಸ್‌ರೇ ಎಲ್ಲಾ ಸೇರಿ. ಟ್ಯಾಕ್ಸ್‌ನಲ್ಲೂ ಉಳಿಯುತ್ತೆ ಅಂದರು. ನಮ್ಮ ತಂದೆ ಬಾಯಿ ಕ್ಯಾನ್ಸರ್ ಆಗಿ ಹೋದರು. ನನಗೂ ಎಲೆ ಅಡಿಕೆ, ಕಡ್ಡಿಪುಡಿ ಅಭ್ಯಾಸ ಇದೆ. ಮನೆಯಲ್ಲಿ 74 ವರ್ಷದ ತಾಯಿ, 13 ವರ್ಷದ ಮಗಳು ಇದ್ದಾರೆ. ದುಡ್ಡು ಹೋದರೆ ಹೋಗಲಿ, ಮೊದಲೇ ಗೊತ್ತಾದರೆ ಒಳ್ಳೇದಲ್ವಾ ಡಾಕ್ಟ್ರೇ?

ಉತ್ತರ: ಆ ₹16,000 ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಹೋಗಿ ನಿಂತಿದ್ದು ಆ ಕಡ್ಡಿಪುಡಿ ಅನ್ನುವ ಮಾತಿನ ಮೇಲೆ. ನಿಮ್ಮ ಮನೆಯಲ್ಲಿ ಇವತ್ತಿಗೆ ಎಲ್ಲರಿಗಿಂತ ಜಾಸ್ತಿ ಅಪಾಯದಲ್ಲಿ ಇರುವುದು ನಿಮ್ಮ ಬಾಯಿ. ಆ ಪ್ಯಾಕೇಜಿನಲ್ಲಿ ಏಳು ಮಾರ್ಕರ್ ಇವೆ, ಎರಡು ಸ್ಕ್ಯಾನ್ ಇವೆ, ಎಕ್ಸ್‌ರೇ ಇದೆ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡುವವರು ಮಾತ್ರ ಒಬ್ಬರೂ ಇಲ್ಲ. ನಿಮಗೆ ಎಲ್ಲಕ್ಕಿಂತ ಬೇಕಾದ ಪರೀಕ್ಷೆಯನ್ನೇ ಬಿಟ್ಟು ಉಳಿದಿದ್ದನ್ನೆಲ್ಲಾ ಮಾರುತ್ತಿದ್ದಾರೆ.

ಬಾಯಿ ಪರೀಕ್ಷೆಗೆ ಐದು ನಿಮಿಷ ಸಾಕು. ಮೊದಲು ಬಾಯಿ ಮುಕ್ಕಳಿಸಲು ಹೇಳುತ್ತೇವೆ. ಆಮೇಲೆ ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ತೂರಿಸಲು ಹೇಳುತ್ತೇವೆ. ಎರಡೇ ಬೆರಳು ಹೋದರೆ ಬಾಯಿ ಬಿಗಿಯುತ್ತಿದೆ ಎಂದು ಅರ್ಥ. ಆಮೇಲೆ ಮರದ ಪಟ್ಟಿಯಿಂದ ಕೆನ್ನೆಯನ್ನು ಹೊರಗೆ ಸರಿಸಿ, ನೀವು ಎಲೆ ಅಡಿಕೆ ಒತ್ತಿಟ್ಟುಕೊಳ್ಳುವ ಜಾಗವನ್ನೇ ಮೊದಲು ನೋಡುತ್ತೇವೆ. ಹೆಚ್ಚಿನವರಿಗೆ ಒಂದೇ ಕಡೆ ಇಡುವ ರೂಢಿ ಇರುತ್ತದೆ. ಅಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ, ವೆಲ್ವೆಟ್ ಥರ ಕೆಂಪು ಮಚ್ಚೆ, ಮುಟ್ಟಿದರೆ ಗಟ್ಟಿ ಅನಿಸುವ ಹುಣ್ಣು ಇದೆಯಾ ಎಂದು ಹುಡುಕುತ್ತೇವೆ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಪಕ್ಕ, ಅದರ ಅಡಿ, ಕೊನೆಗೆ ಕುತ್ತಿಗೆಯಲ್ಲಿ ಗಂಟು. ಅಷ್ಟೇ. ಸೂಜಿ ಇಲ್ಲ, ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಾದರೆ ದುಡ್ಡೂ ಇಲ್ಲ.

ಇಷ್ಟು ಸಾದಾ ಪರೀಕ್ಷೆಯಿಂದ ಜೀವ ಉಳಿಯುತ್ತದಾ ಎಂದು ಕೇಳಬಹುದು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಇದನ್ನೇ ಪರೀಕ್ಷಿಸಿ ನೋಡಿದರು. ಡಾಕ್ಟರೂ ಅಲ್ಲದ, ತರಬೇತಿ ಪಡೆದ ಪದವೀಧರರು ಮನೆಮನೆಗೆ ಹೋಗಿ 35 ದಾಟಿದವರ ಬಾಯಿ ನೋಡಿದರು. ಕೆಲವು ಪಂಚಾಯಿತಿಗಳಲ್ಲಿ ನೋಡಿದರು, ಹೋಲಿಕೆಗೆಂದು ಕೆಲವನ್ನು ಬಿಟ್ಟರು. 2005ರಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. 15 ವರ್ಷದ ಲೆಕ್ಕ ಹಾಕಿದಾಗಲೂ ಇದೇ ಗುಂಪಿನಲ್ಲಿ 24% ಕಡಿಮೆ. ಚಟ ಇಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಇದನ್ನು ಗಮನಿಸಿ. ಒಂದೇ ಪರೀಕ್ಷೆ, ಒಂದೇ ಟಾರ್ಚ್. ನಿಮಗೆ ಅದರ ಬೆಲೆ ಬಹಳ, ಎಲೆ ಅಡಿಕೆ ಮುಟ್ಟದ ನಿಮ್ಮ ಪಕ್ಕದ ತೋಟದವರಿಗೆ ಅಷ್ಟಿಲ್ಲ. ಲಕ್ಷಣ ಇಲ್ಲದವರಲ್ಲಿ ರೋಗ ಹುಡುಕುವ ಪರೀಕ್ಷೆ, ಅಂದರೆ ಸ್ಕ್ರೀನಿಂಗ್, ಯಾವುದಾದರೂ ಹೀಗೇ. ಯಾರಿಗೆ ಮಾಡುತ್ತೇವೆ ಅನ್ನುವುದರ ಮೇಲೆ ಅದರ ಬೆಲೆ ನಿಂತಿದೆ.

ತಂದೆಗೆ ಆಗಿತ್ತು, ರಕ್ತದಲ್ಲೇ ಬಂದಿರಬಹುದು ಎಂಬ ಹೆದರಿಕೆ ನಿಮಗಿದ್ದರೆ ಹೇಳುತ್ತೇನೆ. ಬಾಯಿ ಕ್ಯಾನ್ಸರ್ ವಿಷಯದಲ್ಲಿ ತಂದೆಯಿಂದ ಮಗನಿಗೆ ಬರುವುದು ಹೆಚ್ಚಾಗಿ ಆ ಎಲೆ ಅಡಿಕೆ ಚೀಲ. ಅಡಿಕೆ ನಮ್ಮ ಭಾಗದ ಅನ್ನ. ಚನ್ನಗಿರಿ, ಹೊಳಲ್ಕೆರೆ ಕಡೆ ಎಷ್ಟು ಮನೆ ಅದರ ಮೇಲೆ ನಿಂತಿವೆ ಎಂದು ನನಗೆ ಗೊತ್ತು. ಅದಕ್ಕೇ ಈ ಮಾತು ಹೇಳಲು ಸ್ವಲ್ಪ ಹಿಂಜರಿಕೆ ಆಗುತ್ತದೆ, ಆದರೂ ಹೇಳದೆ ಇರಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ತಂಬಾಕು ಸೇರದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕಡ್ಡಿಪುಡಿ ಸೇರಿದರೆ ಅಪಾಯ ಇನ್ನೂ ಮೇಲೆ. ನಮ್ಮ ಒಪಿಡಿಗೆ ಬರುವವರ ಮೊದಲ ಮಾತು ಬಹಳ ಸಲ ಕ್ಯಾನ್ಸರ್ ಬಗ್ಗೆ ಇರುವುದೇ ಇಲ್ಲ. ‘ಮಿರ್ಚಿ ತಿನ್ನೋಕೆ ಆಗ್ತಿಲ್ಲ ಡಾಕ್ಟ್ರೇ, ಮಂಡಕ್ಕಿಗೆ ಹಾಕಿದ ಖಾರವೂ ಉರಿಯುತ್ತೆ’ ಅಂತಾರೆ. ದಾವಣಗೆರೆಯವರಿಗೆ ಮಿರ್ಚಿ ಮಂಡಕ್ಕಿ ತಿನ್ನಲು ಆಗದಿದ್ದರೆ ಅದು ದೊಡ್ಡ ಲಕ್ಷಣವೇ! ಅಡಿಕೆಯಿಂದ ಬಾಯಿಯ ಒಳಪದರ ಬಿಳಿಚಿ ನಾರಾಗುವ ರೋಗದ ಶುರು ಹಾಗೇ ಇರುತ್ತದೆ. ಮೊದಲು ಉರಿ, ಆಮೇಲೆ ಬಿಗಿತ. ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು.

ಈ ಹಂತದಲ್ಲೋ, ಸಣ್ಣ ಮಚ್ಚೆಯ ಹಂತದಲ್ಲೋ ಸಿಕ್ಕರೆ ಕೆಲಸ ಚಿಕ್ಕದು. ಚಿಕ್ಕ ಗಡ್ಡೆಗೆ ಎಷ್ಟೋ ಸಲ ಆಪರೇಷನ್ ಒಂದರಲ್ಲೇ ಮುಗಿಯುತ್ತದೆ. ತಡವಾದರೆ ದವಡೆ ಮೂಳೆ ತೆಗೆಯಬೇಕು, ತೊಡೆಯ ಅಥವಾ ಎದೆಯ ಮಾಂಸ ತಂದು ಕೂರಿಸಬೇಕು. ಆಮೇಲೆ ವಾರಕ್ಕೆ ಐದು ದಿನದಂತೆ ಆರು ವಾರಕ್ಕೂ ಮೇಲೆ ರೇಡಿಯೇಷನ್. ಅಡಿಕೆ ಕೊಯ್ಲಿನ ಕಾಲದಲ್ಲಿ ಆರು ವಾರ ಊರು ಬಿಟ್ಟಿದ್ದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್‌ನ ಹೆಚ್ಚಿನ ರೋಗಿಗಳು ಬರುವುದೇ ಮೂರನೇ, ನಾಲ್ಕನೇ ಹಂತದಲ್ಲಿ.

ಈಗ ಆ ಪ್ಯಾಕೇಜಿಗೆ ಬರೋಣ. ‘ಕ್ಯಾನ್ಸರ್ ಮಾರ್ಕರ್’ ಎಂಬ ಹೆಸರು ಕೇಳಿದರೆ ರಕ್ತದಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಪಟ್ ಅಂತ ಹೇಳುವ ವಸ್ತು ಅನಿಸುತ್ತದೆ. ಹಾಗಿಲ್ಲ. ಇವು ಹೆಚ್ಚಿನ ಮಟ್ಟಿಗೆ ಈಗಾಗಲೇ ಕ್ಯಾನ್ಸರ್ ಇರುವವರಲ್ಲಿ ಚಿಕಿತ್ಸೆ ನಾಟುತ್ತಿದೆಯಾ, ರೋಗ ಮರಳಿತಾ ಎಂದು ನೋಡಲು ಬಳಸುವ ಪರೀಕ್ಷೆಗಳು. ಸಿಇಎ ಎಂಬ ಮಾರ್ಕರ್ ಬೀಡಿ ಸಿಗರೇಟು ಸೇದುವವರಲ್ಲಿ ಸುಮ್ನೆ ಏರಿರುತ್ತದೆ. ಸಿಎ 19-9 ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಏರುತ್ತದೆ, ಕಾಮಾಲೆಯಲ್ಲೂ ಏರುತ್ತದೆ. ಕೆಲವರ ದೇಹ ಆ ವಸ್ತುವನ್ನು ತಯಾರಿಸುವುದೇ ಇಲ್ಲ, ಅವರಿಗೆ ಕ್ಯಾನ್ಸರ್ ಇದ್ದರೂ ಅದು ಏರದು. ಎಎಫ್‌ಪಿ ಲಿವರ್ ಸೋಂಕಿಗೆ ಏರುತ್ತದೆ. ಸಿಎ-125 ಮುಟ್ಟಿನ ದಿನಗಳಲ್ಲಿ, ಗರ್ಭ ನಿಂತಾಗ, ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಇದ್ದಾಗ, ಎಲ್ಲಾ ಕಡೆ ಏರುತ್ತದೆ.

ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿನಲ್ಲಿ ಹುರಿದ ಮಂಡಕ್ಕಿಯನ್ನು ಜರಡಿ ಹಿಡಿಯುವುದನ್ನು ನೀವು ನೋಡಿರಬಹುದು. ಜರಡಿಯ ಕಣ್ಣು ದೊಡ್ಡದಾದರೆ ಮಂಡಕ್ಕಿಯೂ ಉದುರಿ ಹೋಗುತ್ತದೆ, ತೀರಾ ಸಣ್ಣದಾದರೆ ಮರಳೂ ಜೊತೆಗೆ ಉಳಿಯುತ್ತದೆ. ಮಾರ್ಕರ್‌ಗಳ ಕಷ್ಟ ಇದೇ. ಕ್ಯಾನ್ಸರ್ ತಪ್ಪಿಹೋಗಬಾರದು ಎಂದು ಕಣ್ಣು ಸಣ್ಣ ಮಾಡಿದರೆ ಆರೋಗ್ಯವಂತರು ರಾಶಿ ರಾಶಿ ಸಿಕ್ಕಿಬೀಳುತ್ತಾರೆ.

ಒಂದು ಲೆಕ್ಕ ಹಾಕಿ. ಪ್ರತಿ ಮಾರ್ಕರ್ 100 ಜನ ಆರೋಗ್ಯವಂತರಲ್ಲಿ 5 ಜನಕ್ಕೆ ತಪ್ಪಾಗಿ ‘ಜಾಸ್ತಿ ಇದೆ’ ಎಂದು ತೋರಿಸುತ್ತದೆ ಎಂದು ಇಟ್ಟುಕೊಳ್ಳಿ. ಒಂದು ಮಾರ್ಕರ್ ಮಾಡಿಸಿದರೆ 95 ಜನ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಏಳು ಮಾರ್ಕರ್ ಒಟ್ಟಿಗೆ ಮಾಡಿಸಿದರೆ ಸುಮಾರು 30 ಜನರ ರಿಪೋರ್ಟಿನಲ್ಲಿ ಕನಿಷ್ಠ ಒಂದು ಅಂಕಿಯ ಪಕ್ಕ ದಪ್ಪಕ್ಷರ ಬಿದ್ದಿರುತ್ತದೆ. ನೂರೂ ಜನ ಆರೋಗ್ಯವಾಗಿಯೇ ಇದ್ದಾರೆ, ಮರೆಯಬೇಡಿ. ಏಳು ಪರೀಕ್ಷೆ ಅಂದರೆ ಏಳು ಪಟ್ಟು ಭದ್ರತೆ ಎಂದು ಪ್ಯಾಕೇಜ್ ಹೇಳುತ್ತದೆ. ಆರೋಗ್ಯವಾಗಿ ಇರುವವರಿಗೆ ಏಳು ಪರೀಕ್ಷೆ ಅಂದರೆ ಸಿಕ್ಕಿಹಾಕಿಕೊಳ್ಳಲು ಏಳು ಅವಕಾಶ.

ಹಾಗೆ ಸಿಕ್ಕಿಹಾಕಿಕೊಂಡ ಮೇಲೆ ಏನಾಗುತ್ತದೆ? ಹರಿಹರದ ಕಡೆಯ ಒಬ್ಬ ಅಕ್ಕ ನಮ್ಮಲ್ಲಿಗೆ ಬಂದಾಗ ಕೈಯಲ್ಲಿ ದಪ್ಪ ಫೈಲ್ ಇತ್ತು. ಇಂಥದ್ದೇ ಒಂದು ಪ್ಯಾಕೇಜ್. ಸಿಎ-125 ಇರಬೇಕಾದ್ದು 35ರ ಒಳಗೆ, ಬಂದಿದ್ದು 61. ರಿಪೋರ್ಟ್ ವಾಟ್ಸಾಪಿನಲ್ಲಿ ಬಂತು, ವಿವರಿಸಲು ಯಾರೂ ಇರಲಿಲ್ಲ. ಮಗ ಗೂಗಲ್ ಮಾಡಿದ, ಅಂಡಾಶಯದ ಕ್ಯಾನ್ಸರ್ ಎಂದು ಓದಿ ಹೇಳಿದ. ಅಲ್ಲಿಂದ ಸ್ಕ್ಯಾನ್, ಅದರ ಮೇಲೆ ಸಿಟಿ, ಅದೂ ಸಾಲದೆ 260 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ಮೂರು ಸಲ. ಗಂಡ ಕೆಲಸ ಬಿಟ್ಟು ಜೊತೆಗೆ ಓಡಾಡಿದರು. ಕೊನೆಗೆ ಸಿಕ್ಕಿದ್ದು ಚಿಕ್ಕ ಫೈಬ್ರಾಯ್ಡ್, ಅದೂ ತೊಂದರೆ ಕೊಡದ್ದು. ರಕ್ತ ಕೊಟ್ಟಿದ್ದು ಮುಟ್ಟಿನ ಎರಡನೇ ದಿನ. ಯಾರೂ ಕೇಳಿರಲಿಲ್ಲ, ಇವರಿಗೂ ಹೇಳಬೇಕೆಂದು ಗೊತ್ತಿರಲಿಲ್ಲ. ಪ್ಯಾಕೇಜಿನ ಬಿಲ್ಲಿಗಿಂತ ಅದರ ಹಿಂದೆ ಬಂದ ಖರ್ಚು ಎಷ್ಟೋ ಪಟ್ಟು ಜಾಸ್ತಿಯಾಗಿತ್ತು. ಆ ಎರಡು ತಿಂಗಳು ಅವರು ನಿದ್ದೆ ಮಾಡಿಲ್ಲ, ಅದನ್ನು ಯಾವ ಬಿಲ್ಲಿನಲ್ಲಿ ಹಾಕುವುದು?

ಅಂಡಾಶಯದ ಕ್ಯಾನ್ಸರ್‌ಗೆ ಈ ಸಿಎ-125 ಮತ್ತು ಸ್ಕ್ಯಾನ್ ಉಪಯೋಗಕ್ಕೆ ಬರುತ್ತದಾ ಎಂದು ಬ್ರಿಟನ್ನಿನಲ್ಲಿ 2 ಲಕ್ಷ ಹೆಂಗಸರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದರು. 2021ರಲ್ಲಿ ಕೊನೆಯ ಫಲಿತಾಂಶ ಬಂತು. ಸಾವು ಕಡಿಮೆಯಾಗಲಿಲ್ಲ. ಒಂದು ಗುಂಪಿನಲ್ಲಿ ರೋಗ ಸ್ವಲ್ಪ ಮುಂಚೆ ಸಿಕ್ಕಿದ್ದೂ ನಿಜ. ಆದರೂ ಸಾಯುವವರ ಸಂಖ್ಯೆ ಹಾಗೇ ಉಳಿಯಿತು.

‘ಮೊದಲೇ ಗೊತ್ತಾದರೆ ಒಳ್ಳೇದಲ್ವಾ’ ಎಂದು ಕೇಳಿದ್ದೀರಿ. ಎಲ್ಲರೂ ಕೇಳುವುದು ಇದನ್ನೇ. ಸ್ವಲ್ಪ ನಿಧಾನವಾಗಿ ನೋಡೋಣ. ಒಬ್ಬರಿಗೆ 60ನೇ ವಯಸ್ಸಿನಲ್ಲಿ ರೋಗ ಗೊತ್ತಾಗಿ 63ಕ್ಕೆ ತೀರಿಕೊಂಡರು ಅಂದುಕೊಳ್ಳಿ. ಅದೇ ರೋಗ ಪರೀಕ್ಷೆಯಿಂದ 57ಕ್ಕೇ ಗೊತ್ತಾಗಿ, ಆದರೂ 63ಕ್ಕೇ ತೀರಿಕೊಂಡರೆ? ‘ಮೊದಲೇ ಪತ್ತೆಯಾಗಿದ್ದಕ್ಕೆ ಆರು ವರ್ಷ ಬದುಕಿದರು’ ಎಂದು ಜಾಹೀರಾತು ಬರೆಯಬಹುದು. ನಿಜಕ್ಕೂ ಜಾಸ್ತಿಯಾಗಿದ್ದು ರೋಗಿ ಎನಿಸಿಕೊಂಡು ಕಳೆದ ವರ್ಷಗಳು. ಹಾಗಾಗಿ ಎಷ್ಟು ಬೇಗ ಸಿಕ್ಕಿತು ಎಂದು ಕೇಳಿದರೆ ಸಾಲದು. ಬೇಗ ಸಿಕ್ಕಿದ್ದರಿಂದ ಸಾವು ತಪ್ಪಿತಾ ಎಂದು ಕೇಳಬೇಕು. 1968ರಲ್ಲೇ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ವಿಶ್ವ ಆರೋಗ್ಯ ಸಂಸ್ಥೆಗೆ ಇದರ ಲೆಕ್ಕಾಚಾರ ಬರೆದುಕೊಟ್ಟಿದ್ದರು. ರೋಗ ಬೆಳೆಯಲು ಸಮಯ ತೆಗೆದುಕೊಳ್ಳಬೇಕು, ಆ ಸಮಯದಲ್ಲಿ ಅದನ್ನು ಹಿಡಿಯುವ ಪರೀಕ್ಷೆ ಇರಬೇಕು, ಹಿಡಿದ ಮೇಲೆ ಕೈಗೆಟುಕುವ ಚಿಕಿತ್ಸೆ ಇರಬೇಕು. ಇವತ್ತಿಗೂ ನಾವು ಅಳೆಯುವುದು ಅದೇ ಅಳತೆಗೋಲಿನಿಂದ.

ಥೈರಾಯ್ಡ್ ಸ್ಕ್ಯಾನ್ ಬಗ್ಗೆ ದಕ್ಷಿಣ ಕೊರಿಯಾದ ಕಥೆ ಕೇಳಿ. ಅಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆಗೆ ಬಂದವರಿಗೆ ‘ಸ್ವಲ್ಪ ದುಡ್ಡು ಸೇರಿಸಿದರೆ ಕುತ್ತಿಗೆ ಸ್ಕ್ಯಾನೂ ಮಾಡುತ್ತೇವೆ’ ಎಂದು ಆಸ್ಪತ್ರೆಗಳು ಶುರುಮಾಡಿದವು. ನಿಮ್ಮ ಪ್ಯಾಕೇಜಿನ ಹಾಗೇ. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಒಂದೇ ವರ್ಷ 40,000ಕ್ಕೂ ಜಾಸ್ತಿ ಜನ. ಅದರಿಂದ ಸಾಯುವವರ ಪ್ರಮಾಣ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ. ಅಂದರೆ ಸಿಕ್ಕಿದ್ದರಲ್ಲಿ ಹೆಚ್ಚಿನವು ಜೀವಮಾನವಿಡೀ ಸುಮ್ಮನೆ ಕೂತಿರುತ್ತಿದ್ದ ಸಣ್ಣ ಗಂಟುಗಳು. ಆದರೆ ಕ್ಯಾನ್ಸರ್ ಎಂಬ ಹೆಸರು ಬಿದ್ದ ಮೇಲೆ ಬಿಟ್ಟು ಕೂರುವ ಧೈರ್ಯ ಯಾರಿಗಿದೆ? ಹೆಚ್ಚುಕಡಿಮೆ ಎಲ್ಲರೂ ಆಪರೇಷನ್ ಮಾಡಿಸಿಕೊಂಡರು. ಹಾಗೆ ಮಾಡಿಸಿಕೊಂಡ 100ರಲ್ಲಿ ಸುಮಾರು 11 ಜನರಿಗೆ ಕ್ಯಾಲ್ಸಿಯಂ ಕಾಯುವ ಗ್ರಂಥಿಗಳಿಗೆ ಪೆಟ್ಟಾಯಿತು, 2 ಜನರಿಗೆ ಧ್ವನಿಪೆಟ್ಟಿಗೆಯ ನರ ಸೋತಿತು. ನಿಮ್ಮ ಹೆಂಡತಿ ಟೀಚರ್. ದನಿ ಹೋದರೆ ಗತಿ ಏನು?

ಹೊಟ್ಟೆ ಸ್ಕ್ಯಾನ್ ಮತ್ತು ಎಕ್ಸ್‌ರೇ ಬಗ್ಗೆ ಬಹಳ ಹೇಳುವುದಿಲ್ಲ. ಲಕ್ಷಣ ಇಲ್ಲದವರ ಹೊಟ್ಟೆ ಸ್ಕ್ಯಾನಿನಲ್ಲಿ ಸಿಗುವುದು ಫ್ಯಾಟಿ ಲಿವರ್, ಪಿತ್ತಕೋಶದ ಕಲ್ಲು, ಕಿಡ್ನಿಯಲ್ಲಿ ನೀರಿನ ಗುಳ್ಳೆ. ಎದೆಯ ಎಕ್ಸ್‌ರೇಯಿಂದ ಶ್ವಾಸಕೋಶದ ಕ್ಯಾನ್ಸರ್ ಸಾವು ಇಳಿಯುವುದಿಲ್ಲ. ಅಮೆರಿಕದಲ್ಲಿ ವರ್ಷಗಟ್ಟಲೆ ವಿಪರೀತ ಸಿಗರೇಟು ಸೇದಿದವರಿಗೆ ಕಡಿಮೆ ವಿಕಿರಣದ ಸಿಟಿ ಮಾಡಿದಾಗ ಸಾವು 20% ಇಳಿಯಿತು, ನಿಜ. ಆದರೆ ನೀವು ಸೇದುವ ಬಗ್ಗೆ ಏನೂ ಬರೆದಿಲ್ಲ. ಜೊತೆಗೆ ನಮ್ಮ ಕಡೆ ಹಳೇ ಟಿಬಿಯ ಕಲೆಗಳೇ ಸ್ಕ್ಯಾನಿನಲ್ಲಿ ಗಾಬರಿ ಹುಟ್ಟಿಸುತ್ತವೆ.

ಏಳರಲ್ಲಿ ಪಿಎಸ್‌ಎ ಒಂದು ಸ್ವಲ್ಪ ಬೇರೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ್ದು. ಯುರೋಪಿನ ದೊಡ್ಡ ಅಧ್ಯಯನದ 23 ವರ್ಷದ ಲೆಕ್ಕದಲ್ಲಿ, ಪರೀಕ್ಷೆಗೆ ಕರೆದ 456 ಗಂಡಸರಿಗೆ ಒಂದು ಸಾವು ತಪ್ಪಿತು. ಲಾಭ ಇದೆ, ಚಿಕ್ಕದು. ಆದರೆ ಗ್ರಂಥಿ ವಯಸ್ಸಿಗೆ ತಕ್ಕಂತೆ ದಪ್ಪವಾದರೂ, ಮೂತ್ರದ ಸೋಂಕಾದರೂ ಅದು ಏರುತ್ತದೆ. ಆಮೇಲೆ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ), ಆಪರೇಷನ್ ಆದರೆ ಮೂತ್ರ ಹಿಡಿತ ತಪ್ಪುವ ಸಾಧ್ಯತೆ. ಅಷ್ಟೆಲ್ಲಾ ಮಾತಾಡಿ, ನಿಮಗೆ ಬೇಕೆನಿಸಿದರೆ 55ರ ಮೇಲೆ ಯೋಚಿಸಿ. ಪ್ಯಾಕೇಜಿನೊಳಗೆ ಹೇಳದೆ ಕೇಳದೆ ತೂರಿಸುವ ಪರೀಕ್ಷೆ ಅದಲ್ಲ.

ಈಗ ನಿಮ್ಮ ಹೆಂಡತಿಯ ವಿಷಯ. ಅವರ ಹೆದರಿಕೆ ಸ್ತನ ಕ್ಯಾನ್ಸರ್ ಬಗ್ಗೆ. ಆದರೆ ಅವರಿಗೆ ಮೊದಲು ಬೇಕಾಗಿರುವುದು ಗರ್ಭಕೋಶದ ಕೊರಳಿನ ಪರೀಕ್ಷೆ. ಪ್ಯಾಕೇಜಿನಲ್ಲಿ ಅದೂ ಇಲ್ಲ, ನೋಡಿ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80,000 ಜನ ಸತ್ತರು. ಇದು ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ವೈರಸ್ ಹಿಡಿದು ಕ್ಯಾನ್ಸರ್ ಆಗುವ ಹೊತ್ತಿಗೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹೋಗುತ್ತದೆ. ಅಷ್ಟು ದೊಡ್ಡ ಕಿಟಕಿ ನಮಗೆ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ಕ್ಯಾನ್ಸರ್ ಆಗುವ ಮೊದಲೇ ಕೆಟ್ಟ ಪದರವನ್ನು ಬಿಸಿ ಮುಟ್ಟಿಸಿ ಕೆಲವೇ ನಿಮಿಷದಲ್ಲಿ ತೆಗೆಯಬಹುದು, ಅವತ್ತೇ ಮನೆಗೆ ಹೋಗಬಹುದು. ಇಷ್ಟಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ವಯಸ್ಸಿನ ಭಾರತದ ಹೆಂಗಸರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ಬರೀ 1.9%.

ಇದಕ್ಕೆ ಎರಡು ದಾರಿ ಇವೆ. ಸರ್ಕಾರಿ ಕೇಂದ್ರಗಳಲ್ಲಿ ಮಾಡುವುದು ವಿಐಎ. ನರ್ಸ್ ಅಥವಾ ಡಾಕ್ಟರ್ ಗರ್ಭಕೋಶದ ಕೊರಳಿಗೆ ವಿನೆಗರ್ ಥರದ ತೆಳು ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗ ಬಿಳಿಯಾಗುತ್ತದೆ. ಮುಂಬೈಯ ಕೊಳೆಗೇರಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನೇ ಮಾಡಿದಾಗ ಈ ಕ್ಯಾನ್ಸರ್ ಸಾವು 31% ಇಳಿಯಿತು. ಇನ್ನೊಂದು ದಾರಿ ಎಚ್‌ಪಿವಿ ಪರೀಕ್ಷೆ, ವೈರಸನ್ನೇ ಹುಡುಕುವುದು. ನಮ್ಮ ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ ನಮ್ಮ ಕಡೆಯವರಂಥದೇ ಹೊಲಗದ್ದೆಯ ಹೆಂಗಸರಿಗೆ ಇದನ್ನು ಒಂದೇ ಒಂದು ಸಲ ಮಾಡಿದರು. ಎಂಟು ವರ್ಷ ಕಾದು ನೋಡಿದರೆ, ಪರೀಕ್ಷೆ ಆದ 34,126 ಹೆಂಗಸರ ಗುಂಪಿನಲ್ಲಿ 34 ಸಾವು. ಮಾಡದ 31,488ರ ಗುಂಪಿನಲ್ಲಿ 64. 2009ರಲ್ಲಿ ಈ ಅಂಕಿ ಹೊರಬಂದಾಗ ಲೋಕವೇ ತಿರುಗಿ ನೋಡಿತು.

ಬೆಲೆ ತೂಗುವುದೆಂದರೆ ಏನು ಎಂದು ಇದೇ ಅಂಕಿಯಲ್ಲಿ ತೋರಿಸುತ್ತೇನೆ. ಎಂಟು ವರ್ಷದಲ್ಲಿ ಸಾವಿರಕ್ಕೆ ಎರಡು ಇದ್ದ ಸಾವು ಒಂದಕ್ಕೆ ಇಳಿಯಿತು. ಅಂದರೆ ಸಾವಿರ ಹೆಂಗಸರಿಗೆ ಪರೀಕ್ಷೆ ಮಾಡಿದರೆ ಆ ಅವಧಿಯಲ್ಲಿ ಒಂದು ಜೀವ. ಪರೀಕ್ಷೆಗೆ ₹2,000 ಅಂದುಕೊಂಡರೆ 20 ಲಕ್ಷಕ್ಕೆ ಒಂದು ಜೀವ. ದುಬಾರಿ ಅನಿಸುತ್ತದಾ? ಆ ಒಬ್ಬಾಕೆ ಎಷ್ಟೋ ಸಲ ನಡುವಯಸ್ಸಿನವಳು, ಮನೆ ನಡೆಸುವವಳು. ಅದೇ ಹೊತ್ತಿಗೆ ಉಳಿದ 999 ಜನರಿಗೆ ಆ ₹2,000ದಿಂದ ಸಿಕ್ಕಿದ್ದು ಸಮಾಧಾನ ಮಾತ್ರ. ಕೆಲವರಿಗೆ ಇನ್ನೊಂದು ಪರೀಕ್ಷೆಯ ಓಡಾಟವೂ ಸಿಕ್ಕಿತು. ಒಳ್ಳೇ ಸ್ಕ್ರೀನಿಂಗ್ ಕೂಡ ಇಷ್ಟೇ ಕೊಡುವುದು. ಆ ಒಬ್ಬರು ಯಾರು ಎಂದು ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಎಲ್ಲರೂ ಮಾಡಿಸಬೇಕು. ಪ್ಯಾಕೇಜಿನಲ್ಲಿ ಪಿಎಸ್‌ಎ ಬಿಟ್ಟು ಉಳಿದ ಮಾರ್ಕರ್‌ಗಳಿಗೆ ಇದೇ ಲೆಕ್ಕ ಹಾಕಲು ಹೋದರೆ ಕೆಳಗೆ ಬರೆಯಲು ಉಳಿದ ಜೀವಗಳ ಸಂಖ್ಯೆಯೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟ ಗುರಿಯಲ್ಲಿ 35ರ ಹೊತ್ತಿಗೆ ಒಮ್ಮೆ, 45ರ ಹೊತ್ತಿಗೆ ಇನ್ನೊಮ್ಮೆ ಎಚ್‌ಪಿವಿ ಮಟ್ಟದ ಪರೀಕ್ಷೆ ಆಗಬೇಕು ಎಂದಿದೆ. ನಿಮ್ಮ ಹೆಂಡತಿಗೆ 46. ಸರಿಯಾದ ಹೊತ್ತು. ದುಡ್ಡು ಖರ್ಚು ಮಾಡಲೇಬೇಕು ಎಂದಿದ್ದರೆ ಎಚ್‌ಪಿವಿ ಪರೀಕ್ಷೆಗೆ ಮಾಡಿ. ಪರೀಕ್ಷೆಯ ಮೇಜಿನ ಮೇಲೆ ಮಲಗಲು ಮುಜುಗರ ಆದರೆ ಹೆಂಗಸರೇ ತಮ್ಮ ಮಾದರಿ ತಾವೇ ತೆಗೆದು ಕೊಡುವ ವಿಧಾನವೂ ಇದೆ, ಸ್ತ್ರೀರೋಗ ತಜ್ಞರನ್ನು ಕೇಳಿ. ದುಡ್ಡು ಬೇಡ ಎಂದಿದ್ದರೆ ವಿಐಎ ಸಾಕು. ಆದರೆ 50 ದಾಟುವವರೆಗೆ ಕಾಯಬೇಡಿ. ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಗೆ ಸರಿಯುವುದರಿಂದ ವಿಐಎ ಅಷ್ಟು ನಂಬಿಕೆಗೆ ಬರುವುದಿಲ್ಲ.

ಸ್ತನದ ಬಗ್ಗೆ. ಜೊತೆಯ ಟೀಚರ್ ತೀರಿಕೊಂಡಿದ್ದು ದುಃಖದ ವಿಷಯ, ಆದರೆ ಅದರಿಂದ ನಿಮ್ಮ ಹೆಂಡತಿಯ ಅಪಾಯ ಒಂದು ಕಾಳಿನಷ್ಟೂ ಏರುವುದಿಲ್ಲ. ಅವರ ಅಮ್ಮ, ಅಕ್ಕ ತಂಗಿಯರಿಗೆ ಚಿಕ್ಕ ವಯಸ್ಸಿನಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತಾ ಎಂದು ಕೇಳಿ. ಆಗಿದ್ದರೆ ದಾರಿಯೇ ಬೇರೆ, ನೇರವಾಗಿ ಕ್ಯಾನ್ಸರ್ ತಜ್ಞರನ್ನು ಕಾಣಬೇಕು. ಆಗಿಲ್ಲದಿದ್ದರೆ ತರಬೇತಿ ಇರುವ ನರ್ಸ್ ಅಥವಾ ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡಿಸಿಕೊಳ್ಳಲಿ. ಮುಂಬೈಯಲ್ಲಿ ಒಂದೂವರೆ ಲಕ್ಷ ಹೆಂಗಸರಲ್ಲಿ ಇಂಥ ಕೈ ಪರೀಕ್ಷೆಯನ್ನು 20 ವರ್ಷ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. 50 ದಾಟಿದವರಲ್ಲಿ ಸಾವು ಸುಮಾರು 30% ಇಳಿದಿತ್ತು. ಚಿಕ್ಕ ವಯಸ್ಸಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಮ್ಯಾಮೋಗ್ರಾಂ 50ರ ಮೇಲೆ, ಎರಡು ವರ್ಷಕ್ಕೊಮ್ಮೆ, ಅನುಕೂಲ ಇದ್ದರೆ ಮಾಡಿಸಬಹುದು. ಬ್ರಿಟನ್ನಿನಲ್ಲಿ 2012ರಲ್ಲಿ ಹಾಕಿದ ಲೆಕ್ಕದ ಪ್ರಕಾರ 50ರಿಂದ 20 ವರ್ಷ ಮ್ಯಾಮೋಗ್ರಾಂಗೆ ಕರೆದ 10,000 ಹೆಂಗಸರಲ್ಲಿ 43 ಸಾವು ತಪ್ಪುತ್ತದೆ. 129 ಜನರಿಗೆ ಎಂದೂ ತೊಂದರೆ ಕೊಡದಿದ್ದ ಗಡ್ಡೆಗೆ ಚಿಕಿತ್ಸೆ ಆಗುತ್ತದೆ. ಅಲ್ಲಿಗಿಂತ ನಮ್ಮಲ್ಲಿ ಈ ಕ್ಯಾನ್ಸರ್ ಕಡಿಮೆ, ಹಾಗಾಗಿ ಲಾಭವೂ ಅದಕ್ಕಿಂತ ಕಡಿಮೆಯೇ. ಬೇಡ ಎಂದು ನಾನು ಹೇಳುತ್ತಿಲ್ಲ. 46ಕ್ಕೆ ಗಾಬರಿಯಿಂದ ಓಡಬೇಕಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲಿವರೆಗೆ ಹೇಳಿದ್ದೆಲ್ಲಾ ಯಾವ ತೊಂದರೆಯೂ ಇಲ್ಲದವರಿಗೆ. ಸ್ತನದಲ್ಲಿ ಗಂಟು ಕೈಗೆ ಸಿಕ್ಕರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಂಡರೆ, ಬಾಯಿ ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ, ಧ್ವನಿ ಒಡೆದದ್ದು ಮೂರು ವಾರ ಸರಿಹೋಗದಿದ್ದರೆ ಅದು ಸ್ಕ್ರೀನಿಂಗ್ ಮಾತೇ ಅಲ್ಲ. ಕ್ಯಾಂಪ್ ಬರಲಿ, ಆಫರ್ ಬರಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮಲದಲ್ಲಿ ರಕ್ತ ಹೋಗುತ್ತಿದ್ದರೆ ಮೂಲವ್ಯಾಧಿ ಅಂದುಕೊಂಡು ನಾಟಿ ಔಷಧಿ ತಿನ್ನುತ್ತಾ ಕೂರುವವರು ನಮ್ಮ ಕಡೆ ಬಹಳ. ಒಮ್ಮೆ ತೋರಿಸಿ.

ಮಗಳಿಗೆ 13. ನಿಮ್ಮ ಮನೆಯಲ್ಲಿ ದುಡ್ಡಿಗೆ ತಕ್ಕ ಬೆಲೆ ಸಿಗುವ ಖರ್ಚು ಇದ್ದರೆ ಇದು. ಎಚ್‌ಪಿವಿ ಲಸಿಕೆ 9ರಿಂದ 14ರ ಒಳಗೆ ಹಾಕಿಸಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದರೆ ಮೂರು. ಈ ವಯಸ್ಸಿನವರಿಗೆ ಒಂದೇ ಡೋಸೂ ಆಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆ 2023ರಲ್ಲಿ ಬಂತು. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಹಾಕುತ್ತಿದ್ದಾರಾ ಎಂದು ಕೇಳಿ, ಇಲ್ಲ ಅಂದರೆ ಮಕ್ಕಳ ಡಾಕ್ಟರ ಹತ್ತಿರ ಹಾಕಿಸಿ. ಲಸಿಕೆ ಆದರೂ ದೊಡ್ಡವಳಾದ ಮೇಲೆ ಪರೀಕ್ಷೆ ತಪ್ಪಿಸುವ ಹಾಗಿಲ್ಲ.

ಟ್ಯಾಕ್ಸ್ ಉಳಿಯುತ್ತೆ ಎಂಬ ಮಾತೂ ಅರ್ಧ ನಿಜ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆರೋಗ್ಯ ತಪಾಸಣೆಗೆ ಮನೆಮಂದಿಗೆಲ್ಲಾ ಸೇರಿ ₹5,000 ವರೆಗೆ ವಿನಾಯಿತಿ ಇದೆ, ಅದೂ ಆರೋಗ್ಯ ವಿಮೆಯ ಮಿತಿಯೊಳಗೆ. 20% ತೆರಿಗೆ ಕಟ್ಟುವವರಿಗೆ ಉಳಿಯುವುದು ₹1,000 ಚಿಲ್ಲರೆ. ನಿಮ್ಮ ತೋಟದ ಆದಾಯಕ್ಕೆ ತೆರಿಗೆಯೇ ಇಲ್ಲ, ಉಳಿದರೆ ಟೀಚರ್ ಅಮ್ಮನವರಿಗೆ ಉಳಿಯಬೇಕು. ₹1,000 ಉಳಿಸಲು ₹16,000 ಕೊಡುವುದು ಯಾವ ವ್ಯಾಪಾರ?

ಎಲ್ಲಿಗೆ ಹೋಗಬೇಕು ಅಂದರೆ, 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಕೊರಳು ಈ ಮೂರರ ತಪಾಸಣೆ ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಉಚಿತ. ಚನ್ನಗಿರಿಯ ತಾಲ್ಲೂಕು ಆಸ್ಪತ್ರೆಯಲ್ಲಿ ‘ಎನ್‌ಸಿಡಿ’ ಎಂದು ಕೇಳಿ. ಶುಗರ್, ಬಿಪಿ ನೋಡುವ ಆ ವಿಭಾಗದಲ್ಲೇ ಇದೂ ಆಗುತ್ತದೆ. ‘ಬಾಯಿ ನೋಡಿ’ ಎಂದು ಬಾಯಿ ಬಿಟ್ಟು ಕೇಳಬೇಕು, ಇಲ್ಲದಿದ್ದರೆ ಬಿಪಿ ನೋಡಿ ಕಳಿಸಿಬಿಡಬಹುದು. ಆಶಾ ಕಾರ್ಯಕರ್ತೆ ಮನೆಗೆ ಫಾರಂ ಹಿಡಿದು ಬಂದು ತಂಬಾಕು ತಿನ್ನುತ್ತೀರಾ ಎಂದು ಕೇಳಿದಾಗ ನಿಜ ಹೇಳಿ. ನಿಮಗೆ ಅಪಾಯ ಎಷ್ಟು ಎಂದು ಅವರು ಹಾಕುವ ಅಂಕ ಆ ಉತ್ತರದ ಮೇಲೂ ನಿಂತಿರುತ್ತದೆ. ಮಚ್ಚೆ ಏನಾದರೂ ಸಿಕ್ಕರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಇಲ್ಲಿನ ದಂತ ಕಾಲೇಜುಗಳಿಗೋ ಬನ್ನಿ, ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬೆಂಗಳೂರಿನ ಕಿದ್ವಾಯಿ ವರೆಗೆ ಹೋಗಬೇಕಾದದ್ದು ಅದರ ಫಲಿತಾಂಶ ನೋಡಿದ ಮೇಲೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಗೆ ವರ್ಷಕ್ಕೆ ಕುಟುಂಬಕ್ಕೆ ₹5 ಲಕ್ಷದ ವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30% ಮಾತ್ರ, ಅದನ್ನು ತಿಳಿದಿರಿ.

ಕಡ್ಡಿಪುಡಿ ಬಿಡುವ ಮಾತು ಹೇಳದಿದ್ದರೆ ಈ ಉತ್ತರ ಅರ್ಧಂಬರ್ಧ ಆಗುತ್ತದೆ. ಬಾಯಿ ಪರೀಕ್ಷೆ ವರ್ಷಕ್ಕೊಮ್ಮೆ, ಎಲೆ ಅಡಿಕೆ ದಿನಕ್ಕೆ ಎಷ್ಟು ಸಲ ಎಂದು ನಿಮಗೇ ಗೊತ್ತು. 1800-11-2356 ತಂಬಾಕು ಬಿಡಿಸುವ ಸರ್ಕಾರದ ಉಚಿತ ಸಹಾಯವಾಣಿ. ಮೊದಲು ಕಡ್ಡಿಪುಡಿ ಬಿಡಿ, ಆಮೇಲೆ ಅಡಿಕೆ. ಎರಡನ್ನೂ ಒಟ್ಟಿಗೆ ಬಿಡಲು ಆದರೆ ಇನ್ನೂ ಒಳ್ಳೇದು.

ನಿಮ್ಮ ತಾಯಿಗೆ ರಕ್ತದ ಮಾರ್ಕರ್ ಬೇಡ, ಮ್ಯಾಮೋಗ್ರಾಂ ಬೇಡ. 74ರಲ್ಲಿ ಅವುಗಳಿಂದ ಸಿಗುವುದಕ್ಕಿಂತ ತೊಂದರೆಯೇ ಜಾಸ್ತಿ. ಆದರೆ ನಮ್ಮ ಕಡೆ ಆ ವಯಸ್ಸಿನ ಅಜ್ಜಿಯರಲ್ಲಿ ಎಲೆ ಅಡಿಕೆ ಹಾಕದವರು ಕಡಿಮೆ. ಅವರಿಗೂ ಆ ಅಭ್ಯಾಸ ಇದ್ದರೆ ನೀವು ಹೋಗುವ ದಿನವೇ ಅವರನ್ನೂ ಕರೆದುಕೊಂಡು ಹೋಗಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಅದನ್ನು ತೆಗೆಸಿ, ಅದರ ಕೆಳಗಿನ ವಸಡನ್ನೂ ನೋಡಲು ಹೇಳಿ. ಬಹಳ ಸಲ ಅದನ್ನು ತೆಗೆಯದೆ ನೋಡಿ ಕಳಿಸಿಬಿಡುತ್ತಾರೆ.